ಗೀಟು ಹೊಡೆದ ಆ ಸಾಲು

ಪುಟ್ಟೀ,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಉಳಿದದ್ದು ಬಿಡು. ಕೊನೆಯಲ್ಲಿ ಬರೆದು ಗೀಟು ಹೊಡೆದಿದ್ದೀಯಲ್ಲ, 'ನನ್ನ ಕೈ ತಪ್ಪಿ ಯಾರ ಮೇಲಾದರೂ ಏನಾದರೂ ಬಿದ್ದರೆ?' ಅಂತ, ಅದನ್ನು ಓದಿದಾಗಿನಿಂದ ನಿದ್ದೆ ಸರಿಯಿಲ್ಲ.

ನಾಟಕದ ವೇದಿಕೆ ಮೇಲೆ ಲೈಟು, ಪರದೆ ಏರಿಸಿ ಇಳಿಸುವ ಹಗ್ಗದ ಹತ್ತಿರ ಮೂವರು ಇರಬೇಕಾದಲ್ಲಿ ನೀನೊಬ್ಬಳೇ ಅಂದೆ. 2020ರಲ್ಲಿ ರಂಗಮಂದಿರಗಳಿಗೆ ಬೀಗ ಬಿದ್ದಾಗ ಲೈಟಿನವರು, ಸೆಟ್ಟಿನವರು ಎಷ್ಟು ದಿನ ಕಾಯೋದು? ಸಿನಿಮಾ, ಇವೆಂಟು, ಮರಗೆಲಸ ಅಂತ ಹೋದರು. ಬೀಗ ತೆಗೆದ ಮೇಲೂ ಎಷ್ಟೋ ಜನ ತಿರುಗಿ ಬರಲಿಲ್ಲ. ತಪ್ಪು ಅನ್ನಲಾರೆ. ನಟರ ಜಾಗಕ್ಕಾದರೆ ಹೊಸಬರು ಸಾಲುಗಟ್ಟುತ್ತಾರೆ. ಹಗ್ಗದವರ ಜಾಗಕ್ಕೆ ಯಾರು ಬರುತ್ತಾರೆ?

ಇದರಲ್ಲಿ ನನ್ನ ಪಾಲೂ ಇದೆ. ನನ್ನ ಕೈಕೆಳಗೆ ಒಬ್ಬ ಹುಡುಗ ಇದ್ದ. ಏನು ಕೇಳಿದರೂ 'ಸುಮ್ನೆ ನೋಡಿ ಕಲಿ' ಅನ್ನುತ್ತಿದ್ದೆ. ನಾನು ಕಲಿತದ್ದೂ ಹಾಗೇ, ಅದೊಂದು ಸೊಕ್ಕು. ಕಟ್ಟುವಾಗ ಮೊದಲು ಬಾರ್‌ಗೆ, ಅಂದರೆ ಲೈಟು ತೂಗುವ ಉದ್ದನೆ ಕೊಳವೆಗೆ, ಲೈಟು, ಆಮೇಲೆ ಹಗ್ಗದ ಇನ್ನೊಂದು ತುದಿಗೆ ಅದನ್ನು ಸರಿತೂಗುವ ಕಬ್ಬಿಣ. ಬಿಚ್ಚುವಾಗ ಮೊದಲು ಕಬ್ಬಿಣ, ಆಮೇಲೆ ಲೈಟು. ಅವನು ನೋಡಿದ್ದ. ಯಾಕೆ ಅಂತ ನಾನು ಹೇಳಿರಲಿಲ್ಲ. ಒಂದು ರಾತ್ರಿ ಅವಸರದಲ್ಲಿ ಲೈಟುಗಳನ್ನೇ ಮೊದಲು ಬಿಚ್ಚಿದ. ಹಗುರಾದ ಬಾರ್ ಮೇಲಕ್ಕೆ ಹಾರಿತು. ಆ ಕಡೆ ಕಬ್ಬಿಣವೆಲ್ಲ ಧಡಾರನೆ ಕೆಳಗೆ ಬಂತು. ಓಡುವ ಹಗ್ಗ ಹಿಡಿಯಲು ಹೋದವನ ಅಂಗೈ ಸುಲಿದೇ ಹೋಯಿತು. ವಾಸಿಯಾದ ಮೇಲೂ ಅವನು ಕೆಲಸಕ್ಕೆ ಬರಲಿಲ್ಲ. ನಾನೂ ಹೋಗಿ ನೋಡಲಿಲ್ಲ.

ನಿನ್ನ ಸಾಲು ಓದಿದಾಗ ಆ ಅಂಗೈಯೇ ಕಣ್ಣಿಗೆ ಬಂತು. ಕೈ ತಪ್ಪಿದ್ದು ಅವನದಲ್ಲ ಪುಟ್ಟೀ.

1903ರಲ್ಲಿ ಶಿಕಾಗೋದ ಇರೊಕ್ವಾ ರಂಗಮಂದಿರಕ್ಕೆ ಬೆಂಕಿ ಬಿದ್ದಾಗ, ಬೆಂಕಿ ತಡೆಯುವ ಪರದೆ ಇಳಿಯುತ್ತಾ ಅರ್ಧಕ್ಕೇ ಸಿಕ್ಕಿಕೊಂಡಿತು. 600ಕ್ಕೂ ಜಾಸ್ತಿ ಜನ ಸತ್ತರು. ಇಂಥ ಹೊತ್ತಿನಲ್ಲಿ ಏನು ಮಾಡಬೇಕು ಅಂತ ಅಲ್ಲಿನ ಕೆಲಸದವರಿಗೆ ಯಾರೂ ಕಲಿಸಿರಲಿಲ್ಲ. ಹೆದರಿದವಳಿಗೆ ಇದನ್ನು ಹೇಳಬಾರದಿತ್ತೇನೋ. ಬರೆದಾಯಿತು, ಹೊಡೆದು ಹಾಕಲ್ಲ.

ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೂ, ಬಾರ್ ಅಲುಗಿಸುವ ಮುಂಚೆ ಜೋರಾಗಿ ಕೂಗು. ವೇದಿಕೆಯಿಂದ ಉತ್ತರ ಬರುವ ತನಕ ಹಗ್ಗದ ಲಾಕ್ ತೆಗೆಯಬೇಡ. ಸೇಫ್ಟಿ ಚೈನ್ ಇಲ್ಲದ ಲೈಟನ್ನು ಮೇಲೆ ಕಳಿಸಬೇಡ. ನಿನಗೆ ಗೊತ್ತಿರೋದೇ, ಅಲ್ವಾ? ಒಬ್ಬಳಿಂದ ಆಗದ್ದಕ್ಕೆ ಆಗಲ್ಲ ಅಂದುಬಿಡು. ಹಾಗಂದು ಕೆಲಸ ಹೋದರೆ? ಏನು ಹೇಳಲಿ, ನಾನು ಒಂದು ಸಲವೂ ಹಾಗೆ ಅಂದವನಲ್ಲ.

ಹೊಸದಾಗಿ ಬಂದ ಹುಡುಗ ಎಲ್ಲದಕ್ಕೂ 'ಯಾಕೆ, ಯಾಕೆ' ಅಂತ ತಲೆ ತಿನ್ನುತ್ತಾನೆ ಅಂತ ಬರೆದಿದ್ದೀಯ. ತಿನ್ನಲಿ. ನಾಳೆ ಬಿಚ್ಚುವಾಗ ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಬ್ಬಿಣವೇ ಮೊದಲು ಯಾಕೆ ಅಂತ ಹೇಳು. ಅವನು ಏನಂದ ಅಂತ ನನಗೆ ಬರಿ.

ನಿನ್ನ ದೊಡ್ಡಪ್ಪ