ನೊಂದ ಮನಸ್ಸಿಗೂ ಚಿಕಿತ್ಸೆಯಿದೆ

ಮಾನ್ಯ ಸಂಪಾದಕರೇ,

ಸ್ಪರ್ಧಾತ್ಮಕ ಪರೀಕ್ಷೆಗಳ ತಯಾರಿಗೆಂದು ಶಹಾಪುರದಿಂದ ಬಂದು ಕಲಬುರಗಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ನನಗೆ, ಕಳೆದ ವರ್ಷ ಅವ್ವ ಬಸ್ಸಿನಲ್ಲಿ ಕಳಿಸಿದ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿಯನ್ನು ನಾಲ್ಕು ದಿನವಾದರೂ ಬಿಚ್ಚುವ ಮನಸ್ಸಾಗಿರಲಿಲ್ಲ. ನಿದ್ದೆಯಿರಲಿಲ್ಲ, ಓದು ತಲೆಗೆ ಹತ್ತುತ್ತಿರಲಿಲ್ಲ, ಬದುಕಿ ಏನು ಮಾಡುವುದಿದೆ ಎಂಬ ಯೋಚನೆ ಬೇರೆ. ಮನೆಯವರು ಗುಡಿಗೂ ದರ್ಗಾಕ್ಕೂ ಹರಕೆ ಹೊತ್ತರು. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ವೈದ್ಯರ ಬಳಿ ಹೋಗಲು ಐದು ತಿಂಗಳು ತಡವಾಯಿತು. ‘ಹುಚ್ಚರ ಡಾಕ್ಟರ್’ ಎಂಬ ಒಂದು ಮಾತೇ ಅದಕ್ಕೆ ಕಾರಣ.

ಕೊನೆಗೆ ಕೋಣೆಯ ಗೆಳೆಯನೇ 14416ಕ್ಕೆ ಕರೆ ಹಚ್ಚಿ ಫೋನನ್ನು ನನ್ನ ಕೈಗಿತ್ತ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಈ ಟೆಲಿ ಮಾನಸ್ ಸಹಾಯವಾಣಿ ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಆಮೇಲೆ ಮನೋವೈದ್ಯರನ್ನು ಕಂಡೆ. ಖಿನ್ನತೆಯ ಗುಳಿಗೆ ಫಲ ತೋರಲು ಕೆಲವು ವಾರಗಳೇ ಬೇಕು, ಗುಣವಾಯಿತೆಂದು ವೈದ್ಯರನ್ನು ಕೇಳದೆ ಬಿಡಬಾರದು ಎಂಬುದು ಅಲ್ಲಿ ತಿಳಿಯಿತು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಸರ್ಕಾರಿ ಚಿಕಿತ್ಸೆಯನ್ನು ಹಕ್ಕೆಂದೇ ಹೇಳಿರುವಾಗ, ಕೋಚಿಂಗ್ ಕೇಂದ್ರ, ವಸತಿ ನಿಲಯ, ಗ್ರಂಥಾಲಯಗಳ ಗೋಡೆಗಳ ಮೇಲೆ ಈ ಐದು ಅಂಕಿಗಳನ್ನು ದೊಡ್ಡದಾಗಿ ಬರೆಯಿಸಲು ನಮ್ಮ ಜಿಲ್ಲಾಡಳಿತಗಳು ಮುಂದಾಗಬೇಕು. ಪಾಸಾದವರ ಫೋಟೊಗಳಿಗಂತೂ ಅಲ್ಲಿ ಹೇಗೂ ಜಾಗವಿದೆ.

– ಓದುಗ, ಶಹಾಪುರ, ಯಾದಗಿರಿ ಜಿಲ್ಲೆ