ಸೂರ್ಯನನ್ನು ರಾತ್ರಿ 1:13ಕ್ಕೆ ಹುಟ್ಟಿಸಿದ ಆ್ಯಪ್‌ನವರಿಗೆ

ಇಂದ,
ನಿಮ್ಮ ವಾರ್ಷಿಕ ಚಂದಾದಾರ,
ಚಿತ್ರದುರ್ಗ

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಬೆಂಗಳೂರು ಕಚೇರಿ

ವಿಷಯ: ಗಾಳಿ ಮತ್ತು ಅಲೆಯ ಮುನ್ಸೂಚನೆಯಲ್ಲಿ ಐದೂವರೆ ತಾಸಿನ ತಪ್ಪು, ಅದನ್ನು ಹೇಳಿದ್ದಕ್ಕೆ ಆದ ಅವಮಾನ, ಚಂದಾ ಹಣ ವಾಪಸು ಕೊಡುವ ಬಗ್ಗೆ.

ಮಾನ್ಯರೇ,

ಫೋನ್ ಮಾಡಿ ಆಯ್ತು, ಇಮೇಲ್ ಹಾಕಿ ಆಯ್ತು, ಆ್ಯಪ್ ಒಳಗಿನ ಚಾಟ್‌ನಲ್ಲಿ ನಿಮ್ಮ ರೋಬೋಟ್ ಜೊತೆ ಹರಟಿಯೂ ಆಯ್ತು. ನಿನ್ನೆ ನಿಮ್ಮ ಮೆಸೇಜ್ ಬಂತು: 'ನಿಮ್ಮ ಸಮಸ್ಯೆ ಬಗೆಹರಿದಿದೆ. ದಯವಿಟ್ಟು ಐದು ಸ್ಟಾರ್ ಕೊಡಿ.' ಅದಕ್ಕೇ ಈ ಪತ್ರ. ಸಮಾಧಾನವಾಗಿ ಬರೆಯಬೇಕು ಅಂತಲೇ ಕೂತಿದ್ದೇನೆ. ಎಷ್ಟು ಹೊತ್ತು ಇರುತ್ತದೋ ನೋಡೋಣ.

ನಾನು ಚಿತ್ರದುರ್ಗದ ಗುಡ್ಡಗಳ ಮೇಲಿನ ವಿಂಡ್‌ಮಿಲ್‌ಗಳ ಮೆಂಟೆನೆನ್ಸ್ ಕೆಲಸದಲ್ಲಿದ್ದೇನೆ. ಮುಂಗಾರಿನ ಗಾಳಿ ಇರುವಷ್ಟು ದಿನ ರಜೆಯ ಮಾತೇ ಇಲ್ಲ. ಗಾಳಿ ಇಳಿದ ಮೇಲೆ ನಮಗೆ ಬಿಡುವು. ಕರಾವಳಿಯ ಕಡಲೂ ಆಗಲೇ ಕಲಿಯುವವರ ಕೈಗೆ ಸಿಗುವುದು. ಹಾಗಾಗಿ ಮಗಳನ್ನು ಕರಕೊಂಡು ಮೂಲ್ಕಿಗೆ ಸರ್ಫಿಂಗ್ ಕಲಿಯಲು ಹೋಗುತ್ತೇನೆ. ಅವಳು ಬೋರ್ಡಿನ ಮೇಲೆ ನಿಲ್ಲುತ್ತಾಳೆ, ನಾನು ಬೀಳುತ್ತೇನೆ. ಅದು ಬೇರೆ ವಿಷಯ.

ಮೂಲ್ಕಿಯವರು ಬಾಗಿಲು ತೆಗೆದು ಸಮುದ್ರ ನೋಡಿ ಬೋರ್ಡ್ ಎತ್ತಿಕೊಳ್ಳುತ್ತಾರೆ. ಅವರಿಗೆ ನಿಮ್ಮ ಆ್ಯಪ್ ಬೇಕಿಲ್ಲ. ನಮಗೆ ಶಿವಮೊಗ್ಗ, ತೀರ್ಥಹಳ್ಳಿ ದಾಟಿ, ಆಗುಂಬೆ ಘಾಟಿ ಇಳಿದು ಏಳು ತಾಸಿನ ದಾರಿ. ಮನೆಯಲ್ಲಿ ಕೂತು ನೋಡಿದರೆ ಕಾಣುವುದು ಜೋಗಿಮಟ್ಟಿ ಗುಡ್ಡ. ದುಡ್ಡು ಕೊಟ್ಟು ನಿಮ್ಮನ್ನು ನಂಬುವವರು ನಾವೇ.

ಕರಾವಳಿಯಲ್ಲಿ ದಿನದ ಗಾಳಿಗೆ ಒಂದು ಲೆಕ್ಕ ಇದೆ. ನಿಮಗೆ ಗೊತ್ತಿರಲೇಬೇಕು, ಅದನ್ನೇ ಮಾರುತ್ತಿದ್ದೀರಿ. ರಾತ್ರಿ ನೆಲ ತಣ್ಣಗಾಗಿ ಗಾಳಿ ಮೆಲ್ಲಗೆ ನೆಲದಿಂದ ಕಡಲಿಗೆ ಬೀಸುತ್ತದೆ. ಬೆಳಗ್ಗೆ ಒಂದಷ್ಟು ಹೊತ್ತೂ ಹಾಗೇ ಇರುತ್ತದೆ. ಆಗ ಅಲೆಯ ಮುಖ ನುಣ್ಣಗಿರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗಿ ಕಡಲಿಂದ ನೆಲಕ್ಕೆ ನುಗ್ಗುತ್ತದೆ, ಅಲೆ ಚೂರುಚೂರಾಗುತ್ತದೆ. ಸರ್ಫ್ ಮಾಡುವವರು ಬೆಳಗಿನ ಜಾವ ಏಳುವುದು ಇದಕ್ಕೇ, ಭಕ್ತಿಗಲ್ಲ.

ಡಿಸೆಂಬರ್‌ನಲ್ಲಿ ನಿಮ್ಮ ಹೊಸ ಅಪ್‌ಡೇಟ್ ಬಂತು. ಆ ವಾರ ಶನಿವಾರಕ್ಕೆ ನೀವು ತೋರಿಸಿದ್ದು ಹೀಗೆ: ಬೆಳಗ್ಗೆ 6ರಿಂದ ಕಡಲ ಕಡೆಯಿಂದ ಜೋರು ಗಾಳಿ. ಸಂಜೆ 5ಕ್ಕೆ ಗಾಳಿ ತಿರುಗಿ 3 ನಾಟ್‌ಗೆ ಇಳಿಯುತ್ತದೆ. ಮೇಲೆ ಹಸಿರು ಬಣ್ಣದ ಪಟ್ಟಿ, 'ಅತ್ಯುತ್ತಮ' ಅಂತ. 'ಈ ಸಲ ಉಲ್ಟಾ ಇದೆಯಲ್ಲಪ್ಪಾ' ಅಂದಳು ಮಗಳು. 'ಗಾಳಿಯ ದಿಕ್ಕು ಬದಲಾಗಿರಬಹುದು, ಪ್ರೀಮಿಯಂ ಪ್ಲಾನ್ ಅಲ್ವಾ' ಅಂದೆ. ಶುಕ್ರವಾರ ರಾತ್ರಿ ಹೊರಡುವವರು ಶನಿವಾರ ಬೆಳಗ್ಗೆ ಹೊರಟೆವು.

ಮೂಲ್ಕಿ ತಲುಪಿದಾಗ ಮಧ್ಯಾಹ್ನ ಮುಗಿಯುತ್ತಿತ್ತು. ಸರ್ಫಿಂಗ್ ಕಲಿಸುವ ಹುಡುಗರು ಬೋರ್ಡ್ ತೊಳೆದು ಗೋಡೆಗೆ ಒರಗಿಸುತ್ತಿದ್ದರು. 'ಬೆಳಗ್ಗೆ ಎಂಥಾ ಅಲೆ ಇತ್ತು ಗೊತ್ತುಂಟಾ? ನೀವು ಯಾಕೆ ಬರ್ಲಿಲ್ಲ?' ಎಂದರು. ಸಂಜೆ 5 ಆಯ್ತು. ಗಾಳಿ ಇಳಿಯಲಿಲ್ಲ. 15 ನಾಟ್ ಅಂದರೆ ಗಂಟೆಗೆ ಸುಮಾರು 28 ಕಿ.ಮೀ. ಅದಕ್ಕೆ ಕಡಿಮೆ ಇರಲಿಲ್ಲ. ಗಾಳಿಯ ಅಂದಾಜು ಹೇಳುವುದು ನನ್ನ ಹೊಟ್ಟೆಪಾಡು, ನಂಬಿ.

ದಂಡೆಯ ಮೇಲೆ ಕೂತು ಆ್ಯಪಿನ ಒಳಪುಟಗಳನ್ನು ಕೆದಕಿದಾಗ ಸಿಕ್ಕಿತು: ಸೂರ್ಯೋದಯ 1:13, ಸೂರ್ಯಾಸ್ತ 12:35. ಐದೂವರೆ ತಾಸು ಕೂಡಿಸಿ ನೋಡಿ. 6:43, ಸಂಜೆ 6:05. ಪಕ್ಕಾ. ನಿಮ್ಮ ಕಂಪ್ಯೂಟರ್‌ಗೆ ಬರುವ ಮಾಹಿತಿ ಯುಟಿಸಿ, ಅಂದರೆ ಜಾಗತಿಕ ಕಾಲಮಾನದ್ದು. ಅದಕ್ಕೆ 5:30 ಸೇರಿಸಿ ನಮಗೆ ತೋರಿಸಬೇಕಿತ್ತು. ಅಪ್‌ಡೇಟ್ ಮಾಡಿದವರು ಸುಮ್ನೆ ಹಾಗೇ ಬಿಟ್ಟಿದ್ದಾರೆ. ನೀವು ಹೇಳಿದ ಸಂಜೆ 5 ಅಂದರೆ ರಾತ್ರಿ ಹತ್ತೂವರೆ. ಆ ಕತ್ತಲಲ್ಲಿ ನನ್ನ ಮಗಳು ನಿಮ್ಮ 'ಅತ್ಯುತ್ತಮ' ಅಲೆ ಏರಬೇಕಿತ್ತು.

ಅಲ್ಲಿಂದಲೇ ಫೋನ್ ಮಾಡಿದೆ. ಆ ಮಾತುಕತೆಯನ್ನು ಪೂರ್ತಿ ಬರೆಯುತ್ತೇನೆ, ನೀವು 'ಗುಣಮಟ್ಟಕ್ಕಾಗಿ' ರೆಕಾರ್ಡ್ ಮಾಡಿಕೊಂಡಿದ್ದೀರಂತಲ್ಲ, ತಾಳೆ ನೋಡಿಕೊಳ್ಳಿ.

'ಸರ್, ನಿಮ್ಮ ಅಡ್ರೆಸ್ ಚಿತ್ರದುರ್ಗ ಅಂತ ತೋರಿಸ್ತಿದೆ.'

'ಹೌದಮ್ಮ.'

'ಚಿತ್ರದುರ್ಗದಲ್ಲಿ ಬೀಚ್ ಇಲ್ವಲ್ಲ ಸರ್?'

'ಇಲ್ಲ. ಈಗ ಮೂಲ್ಕಿಯಲ್ಲಿದ್ದೇನೆ. ಸಮುದ್ರ ನನ್ನ ಎದುರಿಗೇ ಇದೆ.'

'ಮತ್ತೆ ಮರೈನ್ ಪ್ಲಾನ್ ಯಾಕೆ ತಗೊಂಡ್ರಿ ಸರ್? ನಿಮ್ಮ ಊರಿಗೆ ರೈತರ ಪ್ಲಾನ್ ಸರಿ ಹೋಗುತ್ತೆ. ರೇಟೂ ಕಡಿಮೆ.'

ಅವಳ ಹಿಂದಿನಿಂದ ಯಾರೋ 'ಏನು, ಕೋಟೆ ಮೇಲೆ ಸರ್ಫಿಂಗಾ?' ಅಂದರು. ಇನ್ನೊಬ್ಬರು ನಕ್ಕರು. ನನ್ನ ಫೋನಿನ ಸ್ಪೀಕರ್ ಆನ್ ಇತ್ತು. ಮಗಳು ಕೇಳಿಸಿಕೊಂಡಳು. ಟೀ ಅಂಗಡಿಯ ಬೆಂಚಿನ ಮೇಲಿದ್ದವರೂ ಕೇಳಿಸಿಕೊಂಡು ಬೇರೆ ಕಡೆ ಮುಖ ಮಾಡಿದರು. ನಾನು ಸಹಿಸಿಕೊಂಡೆ. ಸೂರ್ಯೋದಯದ ವಿಷಯ ಹೇಳಿದೆ. 'ಲೈನ್‌ನಲ್ಲಿರಿ' ಅಂದಳು. ಒಂದಿಷ್ಟು ಹೊತ್ತು ಕೊಳಲು ಬಾರಿಸಿದಿರಿ.

'ಚೆಕ್ ಮಾಡಿದೆ ಸರ್. ನಮ್ಮ ಸಿಸ್ಟಮ್‌ನಲ್ಲೂ 1:13 ಅಂತಾನೇ ಇದೆ. ಸೋ ಅದು ಕರೆಕ್ಟ್.'

'ರಾತ್ರಿ ಒಂದೂಕಾಲಿಗೆ ಸೂರ್ಯ ಹುಟ್ಟುತ್ತಾನೇನಮ್ಮ?'

'ಹವಾಮಾನ ಮುನ್ಸೂಚನೆ ನೂರಕ್ಕೆ ನೂರು ಸರಿ ಇರಲ್ಲ ಸರ್.'

ಆಮೇಲೆ ಗಾಳಿ ಜಾಸ್ತಿ ಇರುವುದಕ್ಕೆ ಸ್ಕ್ರೀನ್‌ಶಾಟ್ ಕೇಳಿದಳು. 'ಆ್ಯಪಿಂದಾ?' ಅಂದೆ. 'ಅಲ್ಲ ಸರ್, ಗಾಳಿದು' ಅಂದಳು. ಆ ಹುಡುಗಿಯನ್ನು ನಾನು ಬೈಯಲಿಲ್ಲ. ಅವಳಿಗೆ ಏನೂ ಕಲಿಸದೆ ಕೂರಿಸಿದವರು ನೀವು.

ಈಗ ಸ್ವಲ್ಪ ಕೆಲಸದ ಮಾತು. 'ಎಲ್ಲಾ ಸಮಯವೂ ಆಯಾ ಜಾಗದ ಸ್ಥಳೀಯ ಸಮಯ' ಎಂದು ನಿಮ್ಮ ಷರತ್ತುಗಳಲ್ಲೇ ಇದೆ. ಸೇವೆಯಲ್ಲಿ ದೋಷ ಇದ್ದರೆ ಉಳಿದ ಅವಧಿಯ ಹಣ ವಾಪಸು ಎಂಬುದೂ ಅದರ ಕೆಳಗೇ ಇದೆ. ನಿಮ್ಮದೇ ನಿಯಮ, ನಿಮಗೆ ಓದಿ ಹೇಳಬೇಕಿಲ್ಲ.

ಗಡಿಯಾರ ಸರಿ ಮಾಡಿದರೆ ಮುಗಿಯಿತು ಅಂದುಕೊಳ್ಳಬೇಡಿ. ನೀವು ತೋರಿಸುವ ಗಾಳಿ ಯಾವ ಹವಾಮಾನ ಮಾದರಿಯದ್ದು (ಗಾಳಿಯನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಮ್), ಎಷ್ಟು ಹೊತ್ತಿನದ್ದು ಎಂದು ಎಲ್ಲೂ ಹೇಳುವುದಿಲ್ಲ. ಅಮೆರಿಕದ ಜಿಎಫ್‌ಎಸ್ ಮಾದರಿ ಭೂಮಿಯನ್ನು ಸುಮಾರು 13 ಕಿ.ಮೀ. ಚೌಕಗಳಾಗಿ ನೋಡುತ್ತದೆ, ಯುರೋಪಿನದು ಸುಮಾರು 9 ಕಿ.ಮೀ. ಮೂಲ್ಕಿಯಲ್ಲಿ ಶಾಂಭವಿ ಹೊಳೆಗೂ ಕಡಲಿಗೂ ನಡುವೆ ಇರುವುದು ಕಿರಿದಾದ ಮರಳಿನ ಪಟ್ಟಿ. 9 ಕಿ.ಮೀ. ಚೌಕದಲ್ಲಿ ಕಡಲು, ಹೊಳೆ, ತೆಂಗಿನ ತೋಟ, ಪೇಟೆ ಎಲ್ಲ ಕಲಸಿಹೋಗುತ್ತದೆ. ಚೌಕವನ್ನು ನೆಲ ಎಂದು ಲೆಕ್ಕ ಹಾಕಿದರೆ ಮರ, ಮನೆಗಳ ತಡೆ ಸೇರಿ ಗಾಳಿ ಕಡಿಮೆ ಕಾಣುತ್ತದೆ. ದಂಡೆಯ ಮೇಲೆ ನಿಂತವನಿಗೆ ಹಾಗಿರುವುದಿಲ್ಲ. ಅಲ್ಲಿನ ಸರ್ಫಿಂಗ್ ಶಾಲೆಯವರನ್ನು, ಮೀನುಗಾರರನ್ನು ದಿನಾ ಒಂದು ಮಾತು ಕೇಳಿ ನಿಮ್ಮ ಅಂಕಿಯನ್ನು ತಿದ್ದಿಕೊಳ್ಳಬಹುದಿತ್ತು. ಹಿಂದಿನ ವಾರ ಏನು ಹೇಳಿದ್ದೆವು, ಏನಾಯಿತು ಅಂತ ಪಕ್ಕದಲ್ಲೇ ತೋರಿಸಬಹುದಿತ್ತು. ಅಷ್ಟು ಧೈರ್ಯ ಬೇಕು, ಬಿಡಿ.

ಗಾಳಿಯ ಸರಾಸರಿ ಒಂದೇ ಕೊಡುತ್ತೀರಿ. ಹಾಯಿದೋಣಿಯನ್ನು ಮಗುಚುವುದು ಸರಾಸರಿ ಗಾಳಿ ಅಲ್ಲ, ನಡುವೆ ನುಗ್ಗುವ ಜೋರು ಬೀಸು. ಅಲೆಯದೂ ಹಾಗೇ. '1 ಮೀಟರ್' ಅಂತ ದೊಡ್ಡದಾಗಿ ಬರೆದು ಎರಡು ಅಲೆಗಳ ನಡುವೆ ಎಷ್ಟು ಸೆಕೆಂಡು ಎಂಬುದನ್ನು ಒಳಗೆಲ್ಲೋ ಬಚ್ಚಿಟ್ಟಿದ್ದೀರಿ. 6 ಸೆಕೆಂಡಿನ ಅಲೆ ಹತ್ತಿರದ ಗಾಳಿ ಎಬ್ಬಿಸಿದ್ದು. 13 ಸೆಕೆಂಡಿನದು ದೂರದಿಂದ ಬಂದದ್ದು, ಅದರ ಬಲವೇ ಬೇರೆ. ಎರಡೂ ಒಂದೇ ಎತ್ತರ ಇದ್ದರೂ ಹೊಸಬರನ್ನು ಎರಡಕ್ಕೂ ಒಂದೇ ಧೈರ್ಯದಲ್ಲಿ ಇಳಿಸಲಾಗದು. ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಅಲೆಯ ಮುನ್ಸೂಚನೆ, ಎತ್ತರದ ಅಲೆಯ ಎಚ್ಚರಿಕೆ ಎಲ್ಲವನ್ನೂ ಪುಕ್ಕಟೆ ಕೊಡುತ್ತದೆ. ನಾನು ನಿಮಗೆ ಯಾಕೆ ದುಡ್ಡು ಕೊಟ್ಟೆ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಉತ್ತರ ಇದ್ದರೆ ನನಗೆ ಕಳಿಸಿ, ಅವಳಿಗೆ ತಲುಪಿಸುತ್ತೇನೆ.

ಉಳಿದ ಅವಧಿಯ ಚಂದಾ ಹಣ ವಾಪಸು ಕೊಡಿ. ತಪ್ಪಾಗಿದೆ ಎಂದು ಎಲ್ಲ ಚಂದಾದಾರರಿಗೂ ತಿಳಿಸಿ, ಯಾಕೆಂದರೆ ಇನ್ನೂ ಯಾರೋ ಆ ಹಸಿರು ಪಟ್ಟಿ ನಂಬಿ ದೋಣಿ ಇಳಿಸುತ್ತಿರಬಹುದು. ಮಗಳ ಎದುರು ನಕ್ಕವರು ಯಾರು ಅಂತ ನನಗೆ ಹೆಸರು ಬೇಡ, ಲಿಖಿತವಾಗಿ ಕ್ಷಮೆ ಬೇಕು.

15 ದಿನ ಕಾಯುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕಾಲ ಕಳೆಯುವುದಿಲ್ಲ, ನೇರವಾಗಿ ಚಿತ್ರದುರ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನಿರುವ ಊರಲ್ಲೇ ಕೇಸು ಹಾಕಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ. ಗಾಳಿ ಇಳಿದ ಕಾಲ, ನನಗೆ ಬಿಡುವಿದೆ. ನೀವೇ ಬೆಂಗಳೂರಿಂದ ಓಡಾಡಿ, ಬೀಚ್ ಇಲ್ಲದ ಊರಿಗೆ. ನಿಮ್ಮನ್ನು ಬೆಳಗ್ಗೆ ಹತ್ತೂವರೆಗೆ ಕರೆದರೆ ಅದು ಭಾರತೀಯ ಕಾಲಮಾನ. ಐದೂವರೆ ತಾಸು ಆಚೀಚೆ ಮಾಡಿಕೊಂಡು ಬಂದರೆ ಏಕಪಕ್ಷೀಯ ಆದೇಶ ಆಗುತ್ತದೆ, ಆಗ ನನಗೆ ಫೋನ್ ಮಾಡಬೇಡಿ.

ಇಂತಿ,
ಚಂದಾ ನವೀಕರಿಸದ ಗ್ರಾಹಕ,
ಚಿತ್ರದುರ್ಗ

ಲಗತ್ತು: ಸೂರ್ಯೋದಯದ ಸ್ಕ್ರೀನ್‌ಶಾಟ್. ಗಾಳಿಯದು ಸಿಕ್ಕಿಲ್ಲ.