ಕರೆಂಟಿನೊಡನೆ ಕಣ್ಮುಚ್ಚುವ ಟವರಿನ ಬಗ್ಗೆ ದೂರು

ಗೆ,
ಗ್ರಾಹಕ ಸೇವಾ ವ್ಯವಸ್ಥಾಪಕರು

ಮಾನ್ಯರೇ,

ಕಳಸದಿಂದ ಸಂಸೆಗೆ ಹೋಗುವ ರಸ್ತೆಯಿಂದ ಒಳಗಿರುವ ನಮ್ಮ ಊರಿನ ಗುಡ್ಡದ ಮೇಲೆ ತಾವು ಮೊಬೈಲ್ ಟವರು ನಿಲ್ಲಿಸಿದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದ್ದರಿಂದ ನನ್ನ ದೂರು ಟವರು ಇಲ್ಲವೆಂಬುದಲ್ಲ. ಅದು ಕರೆಂಟಿನ ಜೊತೆಗೇ ಹೋಗಿಬಿಡುತ್ತದೆ ಎಂಬುದು.

ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಎರಡು ಮೂರು ದಿನ ಕತ್ತಲಲ್ಲಿರುವುದು ಮಲೆನಾಡಿನವರಿಗೆ ಹೊಸತಲ್ಲ. ಆದರೆ ಟವರಿನ ಬ್ಯಾಟರಿ ಅರ್ಧ ಗಂಟೆಯೂ ತಡೆಯುವುದಿಲ್ಲ. ಅದರ ಬುಡದಲ್ಲಿರುವ ಜನರೇಟರಿನ ಬೀಗವಂತೂ ತುಕ್ಕು ಹಿಡಿದು, ಕೀಲಿ ತಂದರೂ ತೆರೆಯುವಂತಿಲ್ಲ. ಅಡಿಕೆಗೆ ಕೊಳೆರೋಗದ ಬೋರ್ಡೋ ಔಷಧಿ ಹೊಡೆಯಲು ಮಳೆ ಬಿಟ್ಟ ಅರ್ಧ ದಿನ ಸಿಕ್ಕರೆ ಆಳುಗಳನ್ನು ಕರೆಯಲು ಫೋನಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಹೋಗದೆ ಜನ ಬರಿಗೈಯಲ್ಲಿ ಮರಳುತ್ತಾರೆ. ದೂರದ ಇನ್ನೊಂದು ಟವರಿನ ಒಂದು ಕಡ್ಡಿ ಸಿಗ್ನಲ್ಲಾದರೂ ಸಿಗಲೆಂದು ಫೋನನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಅಂಗಳದಂಚಿನ ಹಲಸಿನ ಮರದ ಕವಲಿಗೆ ಸಿಕ್ಕಿಸಿ, ಕೆಳಗೆ ಕೊಡೆ ಹಿಡಿದು ನಿಂತರೆ, ಬ್ಯಾಂಕಿನ ಒಟಿಪಿ ಅವಧಿ ಮುಗಿದ ಮೇಲೆ ಬರುತ್ತದೆ.

ದೂರು ಕೊಡಲು 198ಕ್ಕೆ ಕರೆ ಮಾಡಬೇಕು, ಕರೆಗೆ ಸಿಗ್ನಲ್ ಬೇಕು. ಹಾಗಾಗಿ ನಾನು ಮೂರು ಸಲವೂ ಕಳಸ ಪೇಟೆಗೆ ಹೋಗಿಯೇ ದೂರು ದಾಖಲಿಸಿದೆ. ಮೂರು ಸಲವೂ ‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಎಂಬ ಸಂದೇಶ ಬಂತು. ಅದನ್ನು ಓದಿದ್ದು ಮುಂದಿನ ಸಲ ಪೇಟೆಗೆ ಹೋದಾಗ.

ಜಿಲ್ಲಾ ಮಟ್ಟದಲ್ಲಿ 24 ಗಂಟೆಗೂ ಹೆಚ್ಚು ಸೇವೆ ನಿಂತರೆ ಪರಿಹಾರ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ನಿಯಮದಲ್ಲಿ ಹೇಳಿದೆ. ಒಂದು ಊರಿನ ಟವರು ಆ ಲೆಕ್ಕಕ್ಕೆ ಬರುವುದಿಲ್ಲವೆಂದು ತಾವು ಹೇಳಬಹುದು, ನಾನೂ ಒಪ್ಪುತ್ತೇನೆ. ಆದರೆ 28 ದಿನದ ರೀಚಾರ್ಜಿನಲ್ಲಿ ಟವರು ಸತ್ತ ದಿನಗಳನ್ನೂ ಎಣಿಸಿಕೊಳ್ಳುವುದು ಯಾವ ನ್ಯಾಯ?

ಮಳೆ ಹಿಡಿಯುವ ಮೊದಲೇ ಬ್ಯಾಟರಿ ಬದಲಿಸಿ, ಡೀಸೆಲ್ ತುಂಬಿಸುವ ಹೊಣೆ ಯಾರದೆಂಬುದನ್ನು ಅವರ ಫೋನ್ ನಂಬರಿನ ಸಮೇತ ಟವರಿನ ಬೇಲಿಯ ಮೇಲೆ ಬರೆಸಬೇಕೆಂದು ಕೋರುತ್ತೇನೆ. ಇಲ್ಲದಿದ್ದಲ್ಲಿ ಮೂರೂ ದೂರುಗಳ ಡಾಕೆಟ್ (ನೋಂದಣಿ) ಸಂಖ್ಯೆಯೊಂದಿಗೆ ತಮ್ಮ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯುತ್ತೇನೆ.

ಉತ್ತರವನ್ನು ದಯವಿಟ್ಟು ಅಂಚೆಯಲ್ಲಿ ಕಳುಹಿಸಿ. ಪೋಸ್ಟ್‌ಮ್ಯಾನ್ ಮಳೆಯಲ್ಲೂ ಬರುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಗ್ರಾಹಕ, ಕಳಸ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ